ಯುಎಸ್‌ಬಿ ಕೇಬಲ್ ಕಿತ್ರೆ ಕರ್ನಲ್ ಬೀಳತ್ತೆ, ಕೆಫ್ರೀ ಎಲ್ಲಿ ಹಾಕ್ಬೇಕು?

ಪ್ರೋಬ್_ಪುಟ್ಟ:
ಎಲ್ರಿಗೂ ನಮಸ್ಕಾರ. ಬೇರೆಯವ್ರು ಬರೆದ ಒಂದು ಡ್ರೈವರ್ ರಿವ್ಯೂ ನನ್ನ ಪಾಲಿಗೆ ಬಂದಿದೆ, ಬರೆದವ್ರು ಈಗ ಟೀಮಲ್ಲಿಲ್ಲ. ಯುಎಸ್‌ಬಿ ಸೆನ್ಸರ್ ಬೋರ್ಡು, ಆರ್ಮ್ 64, ಲಿನಕ್ಸ್ ಕರ್ನಲ್ 6.6. ಪ್ರೋಬಲ್ಲಿ (ಡಿವೈಸ್ ಚುಚ್ಚಿದಾಗ ಓಡೋ ಫಂಕ್ಷನ್) ಮೇನ್ ಸ್ಟ್ರಕ್ಚರ್‌ಗೆ ಡೆವ್‌ಎಮ್ ಕೆಜಲಾಕ್ (ಸೊನ್ನೆ ತುಂಬಿದ ಮೆಮೊರಿ, ಕರ್ನಲ್ಲೇ ಫ್ರೀ ಮಾಡತ್ತೆ), ಡೇಟಾ ಬಫರ್‌ಗೆ ಕೆಮ್ಯಾಲಕ್ (ಮಾಮೂಲಿ ಕರ್ನಲ್ ಮೆಮೊರಿ, ನಾವೇ ಕೆಫ್ರೀ ಕರೆದು ಬಿಡ್ಬೇಕು), ಒಂದು ಯುಆರ್‌ಬಿ (ಯುಎಸ್‌ಬಿ ಡೇಟಾ ಕೋರಿಕೆ), ಒಂದು ವರ್ಕು (ಆಮೇಲೆ ಓಡ್ಸೋಕೆ ಇಟ್ಟ ಕೆಲಸ), ಕೊನೇಲಿ ಕ್ಯಾರೆಕ್ಟರ್ ಡಿವೈಸ್ (ಅಪ್ಲಿಕೇಶನ್ ಫೈಲ್ ಥರ ಓಪನ್ ಮಾಡೋದು) ರಿಜಿಸ್ಟರ್. ಡಿಸ್ಕನೆಕ್ಟಲ್ಲಿ (ಕಿತ್ತಾಗ ಓಡೋ ಫಂಕ್ಷನ್) ಸಾಲಾಗಿ ಕೆಫ್ರೀ.

ಇನ್ಸ್‌ಮಾಡ್ ಆರ್‌ಎಮ್‌ಮಾಡ್ (ಡ್ರೈವರ್ ಮಾಡ್ಯೂಲ್ ಹಾಕೋದು, ತೆಗೆಯೋದು) ಎಷ್ಟು ಸಲ ಮಾಡಿದ್ರೂ ಏನೂ ಆಗಲ್ಲ, ಟೆಸ್ಟ್ ಟೀಮ್ ಅದನ್ನೇ ನೋಡಿ ಪಾಸ್ ಮಾಡಿದಾರೆ. ಆದ್ರೆ ಅಪ್ಲಿಕೇಶನ್ ಫೈಲ್ ಓಪನ್ ಇಟ್ಕೊಂಡಿರೋವಾಗ ಕೇಬಲ್ ಕಿತ್ರೆ ಕೆಲವು ಸಲ ಆಗ್ಲೇ, ಕೆಲವು ಸಲ ಆಮೇಲೆ ಅಪ್ಲಿಕೇಶನ್ ಕ್ಲೋಸ್ ಮಾಡ್ದಾಗ ಊಪ್ಸ್ (ಕರ್ನಲ್ ಕ್ರ್ಯಾಶ್ ರಿಪೋರ್ಟ್) ಬರತ್ತೆ. ಸ್ಲಬ್ (ಕರ್ನಲಿನ ಮೆಮೊರಿ ಅಲೊಕೇಟರ್) ಡೀಬಗ್ ಆನ್ ಇದೆ, ಡಂಪಲ್ಲಿ ರಿಜಿಸ್ಟರ್ ತುಂಬಾ 6ಬಿ6ಬಿ6ಬಿ6ಬಿ. ಒಬ್ರು ಕೆಫ್ರೀ ತೆಗಿ ಅಂತಾರೆ, ಇನ್ನೊಬ್ರು ಎಲ್ಲಾ ಡೆವ್‌ಎಮ್ ಮಾಡ್ಬಿಡು ಆಗ ಫ್ರೀ ತಲೆನೋವೇ ಇರಲ್ಲ ಅಂತಾರೆ. ಯಾರ ಮಾತು ಕೇಳ್ಲಿ?

ಹಳೇ_ಬೋರ್ಡ್:
6ಬಿ ಕಂಡ್ರೆ ಅರ್ಧ ಕೆಲಸ ಮುಗೀತು. ಸ್ಲಬ್ ಡೀಬಗ್ಗಲ್ಲಿ ಪಾಯ್ಸನಿಂಗ್ ಆನ್ ಇದ್ರೆ ಫ್ರೀ ಆದ ಆಬ್ಜೆಕ್ಟ್ ಮೇಲೆ ಪೂರ್ತಿ 6ಬಿ ಬರೀತಾರೆ, ಕೊನೇ ಬೈಟ್ ಮಾತ್ರ ಎ5. ಅಲೊಕೇಟ್ ಆಗಿ ಇನ್ನೂ ಇನಿಶಿಯಲೈಜ್ ಆಗದೇ ಇರೋದ್ರಲ್ಲಿ 5ಎ ಇರತ್ತೆ. ಅಂದ್ರೆ ನಿಮ್ಮ ಕೋಡು ಫ್ರೀ ಆದ ಸ್ಟ್ರಕ್ಚರ್ ಒಳಗಿಂದ ಒಂದು ಪಾಯಿಂಟರ್ ಓದಿ ಅದನ್ನ ಬಳಸೋಕೆ ಹೋಗಿದೆ. ಫಾಲ್ಟ್ ಅಡ್ರೆಸ್ಸಿನ ಕೊನೇ ಬೈಟು 6ಬಿ ಬದ್ಲು 73 ಇದ್ಯಾ ನೋಡಿ, ಇದ್ರೆ ಆ ಪಾಯಿಂಟರ್ ಯಾವ ಸ್ಟ್ರಕ್ಚರ್‌ಗೆ ತೋರಿಸ್ಬೇಕಿತ್ತೋ ಅದ್ರ 8ನೇ ಬೈಟಲ್ಲಿರೋ ಮೆಂಬರ್ ಮುಟ್ಟಿದಾರೆ ಅಂತ ಅರ್ಥ. ಸ್ಟ್ರಕ್ಚರ್ ಡೆಫಿನಿಶನ್ ಮುಂದಿಟ್ಕೊಂಡು ಎಣಿಸಿದ್ರೆ ಯಾವ ಸಾಲು ಅಂತ ಹೆಚ್ಚುಕಮ್ಮಿ ಗೊತ್ತಾಗತ್ತೆ.

ಆರ್‌ಎಮ್‌ಮಾಡಲ್ಲಿ ಯಾಕೆ ಬರಲ್ಲ ಅನ್ನೋದೂ ಸುಲಭ. ಫೈಲ್ ಓಪನ್ ಇದ್ರೆ ಫೈಲ್ ಆಪರೇಶನ್ಸ್‌ನ ಓನರ್ ಫೀಲ್ಡು ಮಾಡ್ಯೂಲ್ ರೆಫರೆನ್ಸ್ ಹಿಡ್ಕೊಂಡಿರತ್ತೆ, ಆರ್‌ಎಮ್‌ಮಾಡ್ ಆಗೋದೇ ಇಲ್ಲ, ಬಳಕೇಲಿದೆ ಅಂತ ವಾಪಸ್ ಕಳಿಸತ್ತೆ. ಕೇಬಲ್ ಕೀಳೋನು ಯಾರ ಪರ್ಮಿಶನ್ನೂ ಕೇಳಲ್ಲ.

ಪ್ರೋಬ್_ಪುಟ್ಟ:
ಹೌದು ಸರ್, 73 ಇದೆ!! ಮ್ಯೂಟೆಕ್ಸ್ (ಲಾಕ್) ಪಾಯಿಂಟರ್ ಥರ ಕಾಣತ್ತೆ. ಆದ್ರೆ ಮೇನ್ ಸ್ಟ್ರಕ್ಚರ್‌ಗೆ ಯಾರೂ ಕೆಫ್ರೀ ಬರೆದೇ ಇಲ್ವಲ್ಲ, ಅದು ಡೆವ್‌ಎಮ್.

ಹಳೇ_ಬೋರ್ಡ್:
ಅದೇ ಪ್ರಾಬ್ಲಂ. ಡೆವ್‌ಎಮ್ ಅಂದ್ರೆ ಯಾವಾಗ್ಲೋ ಒಂದಿನ ತಾನಾಗೇ ಸರಿಯಾದ ಟೈಮಲ್ಲಿ ಫ್ರೀ ಆಗತ್ತೆ ಅಂತಲ್ಲ. ಡ್ರೈವರ್ ಆ ಡಿವೈಸಿಗೆ ಬೈಂಡ್ ಆಗಿರೋವರ್ಗೂ ಮಾತ್ರ ಅದ್ರ ಆಯಸ್ಸು. ಕೇಬಲ್ ಕಿತ್ರೆ ಡಿಸ್ಕನೆಕ್ಟ್ ಫಂಕ್ಷನ್ ಓಡತ್ತೆ, ಅದು ರಿಟರ್ನ್ ಆದ್ಮೇಲೆ ಡ್ರೈವರ್ ಕೋರು ಡೆವ್‌ಎಮ್ ಲಿಸ್ಟನ್ನ ಹಿಂದಿನಿಂದ ಮುಂದಕ್ಕೆ ಬಿಚ್ತಾ ಹೋಗತ್ತೆ, ನಿಮ್ಮ ಸ್ಟ್ರಕ್ಚರ್ ಹೋಯ್ತು. ಅಪ್ಲಿಕೇಶನ್ ಓಪನ್ ಮಾಡ್ದಾಗ ಫೈಲಿನ ಪ್ರೈವೇಟ್ ಡೇಟಾಗೆ ಅದೇ ಸ್ಟ್ರಕ್ಚರ್ ಪಾಯಿಂಟರ್ ಹಾಕಿರ್ತಾರಲ್ಲ, ಅದು ಹಾಗೇ ಉಳ್ಕೊಂಡಿದೆ. ಅಪ್ಲಿಕೇಶನ್ ರೀಡ್ ಮಾಡಿದ್ರೆ ಆಗ್ಲೇ ಬೀಳತ್ತೆ, ಸುಮ್ನಿದ್ರೆ ಕ್ಲೋಸಲ್ಲಿ ಬೀಳತ್ತೆ. ನೀವು ಹೇಳಿದ ಎರಡು ಲಕ್ಷಣಾನೂ ಇದೇ.

ಕ್ಯಾರೆಕ್ಟರ್ ಡಿವೈಸ್ ಡಿಲೀಟ್ ಮಾಡಿದ್ರೆ ಸಾಕು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅದನ್ನ ಮಾಡೋ ಸಿಡೆವ್ ಡೆಲ್ ಹೊಸದಾಗಿ ಓಪನ್ ಆಗೋದನ್ನ ಮಾತ್ರ ನಿಲ್ಸತ್ತೆ, ಆಗ್ಲೇ ಓಪನ್ ಆಗಿರೋ ಫೈಲುಗಳ ಮೇಲೆ ನಿಮ್ಮ ರೀಡ್ ರೈಟ್ ಫಂಕ್ಷನ್ ಆಮೇಲೂ ಕರೀಬಹುದು ಅಂತ ಆ ಫಂಕ್ಷನ್ ಮೇಲಿನ ಕಾಮೆಂಟಲ್ಲೇ ಬರ್ದಿದೆ.

ಪೇಢಾ_64:
ಅಲ್ರೀ, ಇಷ್ಟಕ್ಕ ಯಾಕ ತಲಿ ಕೆಡಸ್ಕೋತೀರಿ, ಫ್ರೀ ಮಾಡಿದ ಮ್ಯಾಲೆ ಪಾಯಿಂಟರ್ ನಲ್ (ಖಾಲಿ) ಮಾಡಿಬಿಟ್ರ ಮುಗೀತಲ್ಲ. ರೀಡ್ ಒಳಗ ನಲ್ ಚೆಕ್ ಹಾಕ್ರಿ, ರಿಟರ್ನ್ ಮಾಡ್ರಿ.

ಹಳೇ_ಬೋರ್ಡ್:
ಯಾವ ಪಾಯಿಂಟರ್ ನಲ್ ಮಾಡ್ತೀರಿ ರೀ? ಡಿಸ್ಕನೆಕ್ಟ್ ಕೈಲಿರೋದು ಇಂಟರ್‌ಫೇಸ್ ಡೇಟಾದಲ್ಲಿರೋ ಕಾಪಿ. ಫೈಲ್ ಪ್ರೈವೇಟ್ ಡೇಟಾ ಇನ್ನೊಂದು ಕಾಪಿ, ಯುಆರ್‌ಬಿ ಕಾಂಟೆಕ್ಸ್ಟ್ ಮತ್ತೊಂದು, ವರ್ಕ್ ಆ ಸ್ಟ್ರಕ್ಚರ್ ಒಳಗೇ ಕೂತಿದೆ. ಇನ್ನು ರೀಡ್ ಫಂಕ್ಷನ್ ಈಗಾಗ್ಲೇ ಒಳಗೆ ಬಂದು ಪಾಯಿಂಟರನ್ನ ಲೋಕಲ್ ವೇರಿಯೇಬಲ್‌ಗೆ ತಗೊಂಡು ಡೇಟಾಗೆ ಕಾಯ್ತಾ ಮಲಗಿದ್ರೆ ಅದನ್ನ ಯಾರು ನಲ್ ಮಾಡೋದು.

ಕಡಲಕರೆ:
ನಲ್ ಮಾಡುವುದು ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ ಮಾರ್ರೆ. ಸ್ಟ್ರಕ್ಚರಿನ ಫೀಲ್ಡ್ ಒಂದು, ಸ್ಟಾಪ್‌ನಲ್ಲಿ ಒಮ್ಮೆ ಫ್ರೀ ಆಗ್ತದೆ ರಿಲೀಸಲ್ಲಿ ಇನ್ನೊಮ್ಮೆ ಫ್ರೀ ಆಗ್ತದೆ ಅಂತಾದ್ರೆ ನಲ್ ಮಾಡಿ ಇಡ್ಲೇಬೇಕು, ಕೆಫ್ರೀಗೆ ನಲ್ ಕೊಟ್ರೆ ಅದು ಸುಮ್ನೆ ವಾಪಸ್ ಬರ್ತದೆ. ಆದ್ರೆ ಫಂಕ್ಷನ್ ಮುಗಿಯುವ ಜಾಗದಲ್ಲಿ ಲೋಕಲ್ ವೇರಿಯೇಬಲ್ ನಲ್ ಮಾಡುವುದು ಯಾರಿಗೋಸ್ಕರ? ಇನ್ನೊಂದು, ಡಬಲ್ ಫ್ರೀ ಇದ್ದಲ್ಲಿ ನಲ್ ಮಾಡಿ ಮುಚ್ಚಿದ್ರೆ ಬಗ್ ಹೋಗುವುದಿಲ್ಲ, ಕಾಣದ ಹಾಗೆ ಆಗ್ತದೆ ಅಷ್ಟೆ.

ಕೆಫ್ರೀ ಮೊದಲು ಇಫ್ ಹಾಕಿ ನಲ್ ಚೆಕ್ ಮಾಡುವುದನ್ನೂ ಬಿಡಿ, ಕರ್ನಲ್ ಕೋಡ್ ತಪಾಸಣೆ ಮಾಡುವ ಚೆಕ್‌ಪ್ಯಾಚ್ ಬೈತದೆ, ಅಂಥದ್ದೇ ಇನ್ನೊಂದು ಟೂಲ್ ಕೊಕ್ಕಿನೆಲ್‌ನಲ್ಲಿ ಅದಕ್ಕೆ ಅಂತಲೇ ಒಂದು ಸ್ಕ್ರಿಪ್ಟ್ ಇದೆ. ನಲ್ ಸರಿ, ಆದ್ರೆ ಎರರ್ ಪಾಯಿಂಟರ್ ಸರಿಯಲ್ಲ. ಫೇಲ್ ಆದಾಗ ಎರರ್ ಕೋಡನ್ನೇ ಪಾಯಿಂಟರಲ್ಲಿ ಸುತ್ತಿ ಕೊಡುವ ಫಂಕ್ಷನ್ ಎಷ್ಟೋ ಉಂಟು, ಅದನ್ನ ಹಾಗೇ ಕೆಫ್ರೀಗೆ ಕೊಟ್ರೆ ಕಥೆ ಮುಗೀತು.

ಪ್ರೋಬ್_ಪುಟ್ಟ:
ಸರಿ ಹಾಗಾದ್ರೆ ಮೇನ್ ಸ್ಟ್ರಕ್ಚರ್ ಯಾರು ಫ್ರೀ ಮಾಡ್ಬೇಕು? ಡಿಸ್ಕನೆಕ್ಟಲ್ಲಿ ಮಾಡಿದ್ರೆ ಫೈಲ್ ಓಪನ್ ಇರ್ಬಹುದು, ಕ್ಲೋಸಲ್ಲಿ ಮಾಡಿದ್ರೆ ಡಿವೈಸ್ ಇನ್ನೂ ಚುಚ್ಚಿರ್ಬಹುದು.

ಹಳೇ_ಬೋರ್ಡ್:
ಇಬ್ರೂ ಮಾಡ್ಬಾರ್ದು. ಯಾರು ಕೊನೇಗೆ ಬಿಡ್ತಾರೋ ಅವ್ರು ಮಾಡ್ಲಿ, ಅದಕ್ಕೇ ಕೆರೆಫ್ (ಎಷ್ಟು ಜನ ಬಳಸ್ತಿದಾರೆ ಅಂತ ಎಣಿಸೋ ಕೌಂಟರ್) ಇರೋದು. ಕರ್ನಲ್ ಸೋರ್ಸಲ್ಲಿ ಡ್ರೈವರ್ಸ್ ಫೋಲ್ಡರ್, ಅದ್ರೊಳಗೆ ಯುಎಸ್‌ಬಿ, ಅಲ್ಲಿ ಯುಎಸ್‌ಬಿ ಸ್ಕೆಲಿಟನ್ ಅಂತ ಒಂದು ಫೈಲಿದೆ. ನಿಮ್ಮ ಡ್ರೈವರ್ ಬರೆದವ್ರು ಅದನ್ನ ಒಂದ್ಸಲ ಓದಿದ್ರೆ ಈ ಥ್ರೆಡ್ಡೇ ಬೇಕಿರ್ಲಿಲ್ಲ.

ಅಲ್ಲಿ ಹೇಗೆ ಮಾಡಿದಾರೆ ಅಂದ್ರೆ: ಸ್ಟ್ರಕ್ಚರ್ ಮಾಮೂಲಿ ಕೆಜಲಾಕ್, ಡೆವ್‌ಎಮ್ ಅಲ್ಲ. ಪ್ರೋಬಲ್ಲಿ ಕೆರೆಫ್ ಇನಿಟ್, ಕೌಂಟ್ 1, ಅದು ಚುಚ್ಚಿರೋ ಡಿವೈಸಿನ ಪಾಲು. ಪ್ರತಿ ಓಪನ್‌ಗೆ ಕೆರೆಫ್ ಗೆಟ್, ಪ್ರತಿ ಕ್ಲೋಸ್‌ಗೆ ಕೆರೆಫ್ ಪುಟ್, ಡಿಸ್ಕನೆಕ್ಟ್‌ಗೆ ಒಂದು ಪುಟ್. ಸೊನ್ನೆ ಆದಾಗ ಡಿಲೀಟ್ ಫಂಕ್ಷನ್ ಒಂದೇ ಒಂದ್ಸಲ ಓಡತ್ತೆ, ಯುಆರ್‌ಬಿ ಫ್ರೀ, ಇಂಟರ್‌ಫೇಸ್ ಪುಟ್, ಡಿವೈಸ್ ಪುಟ್, ಬಫರ್ ಕೆಫ್ರೀ, ಕೊನೇಗೆ ಸ್ಟ್ರಕ್ಚರ್ ಕೆಫ್ರೀ. ಡಿಸ್ಕನೆಕ್ಟ್ ಮಾಡೋದು ಬೇರೆ ಕೆಲಸ: ಮೊದ್ಲು ಡೀರಿಜಿಸ್ಟರ್ ಮಾಡಿ ಹೊಸ ಓಪನ್ ಬಂದ್ ಮಾಡತ್ತೆ, ಆಮೇಲೆ ಮ್ಯೂಟೆಕ್ಸ್ ಹಿಡಿದು ಡಿಸ್ಕನೆಕ್ಟೆಡ್ ಅನ್ನೋ ಫ್ಲಾಗ್ ಹಾಕತ್ತೆ, ಓಡ್ತಿರೋ ಯುಆರ್‌ಬಿಗಳನ್ನ ಕಿಲ್ ಮಾಡತ್ತೆ. ರೀಡ್ ರೈಟ್ ಆ ಮ್ಯೂಟೆಕ್ಸ್ ಒಳಗೆ ಫ್ಲಾಗ್ ನೋಡಿ ಡಿವೈಸ್ ಇಲ್ಲ ಅಂತ ಎರರ್ ಕೊಟ್ಟು ಹೊರಗೆ ಬರತ್ತೆ. ಗಮನಿಸಿ, ಹಾರ್ಡ್‌ವೇರ್ ಹೋಗಿದೆ ಆದ್ರೆ ಮೆಮೊರಿ ಇದೆ. ಇವೆರಡ್ರ ಆಯಸ್ಸು ಬೇರೆ ಬೇರೆ, ಡೆವ್‌ಎಮ್ ಎರಡನ್ನೂ ಒಂದೇ ಗಂಟಿಗೆ ಕಟ್ಬಿಡತ್ತೆ.

ಓಪನ್‌ಗೂ ಡಿಸ್ಕನೆಕ್ಟ್‌ಗೂ ರೇಸ್ (ಒಂದೇ ಹೊತ್ತಿಗೆ ಓಡಿ ಡಿಕ್ಕಿ) ಇಲ್ವಾ ಅಂತ ಕೇಳ್ತೀರಿ. ಯುಎಸ್‌ಬಿ ಡೀರಿಜಿಸ್ಟರ್ ಡೆವ್ ಬಳಸಿದ್ರೆ ಯುಎಸ್‌ಬಿ ಕೋರಲ್ಲಿ ಒಂದು ಸೆಮಾಫೋರ್ ಇದೆ, ಅದು ಓಪನ್ ನಡೀತಿದ್ರೆ ಕಾಯತ್ತೆ. ನೀವೇ ಸ್ವಂತ ಸಿಡೆವ್ ಮಾಡ್ಕೊಂಡಿದ್ರೆ ಸ್ಟ್ರಕ್ಚರ್ ಡಿವೈಸನ್ನ ನಿಮ್ಮ ಸ್ಟ್ರಕ್ಚರ್ ಒಳಗೆ ಇಟ್ಟು, ಸಿಡೆವ್ ಡಿವೈಸ್ ಆಡ್ ಬಳಸಿ (4.12ರಿಂದ ಇದೆ), ಕೆಫ್ರೀನ ಡಿವೈಸಿನ ರಿಲೀಸ್ ಕಾಲ್‌ಬ್ಯಾಕಲ್ಲಿ ಇಡಿ.

ಪೇಢಾ_64:
ಈಗ ತಿಳೀತ್ರೀ. ನಲ್ ಮಾತು ವಾಪಸ್ ತಗೊಂಡೆ.

ಹೊಸಬ_ಹಾಸನ:
ನಾನು ಇನ್ನೂ ಸ್ಟೂಡೆಂಟು, ಒಂದು ಡೌಟು. ಕೆಫ್ರೀಗೆ ಬರೀ ಅಡ್ರೆಸ್ ಕೊಡ್ತೀವಿ, ಸೈಜ್ ಕೊಡಲ್ಲ. ಅದಕ್ಕೆ ಎಷ್ಟು ಬೈಟ್ ಅಂತ ಹೇಗೆ ಗೊತ್ತಾಗತ್ತೆ? ಯೂಸರ್ ಸ್ಪೇಸ್ ಮ್ಯಾಲಕ್ ಥರ ಮುಂದೆ ಹೆಡರ್ ಇರತ್ತಾ?

ಕಡಲಕರೆ:
ಒಳ್ಳೆ ಪ್ರಶ್ನೆ, ಇದು ಗೊತ್ತಿದ್ರೆ ಮುಕ್ಕಾಲು ಫ್ರೀ ಬಗ್ಗುಗಳು ಯಾಕಾಗ್ತವೆ ಅಂತ ಅರ್ಥ ಆಗ್ತದೆ. ಹೆಡರ್ ಇಲ್ಲ. ಕೆಮ್ಯಾಲಕ್ ಕೊಡುವ ಮೆಮೊರಿ ಕರ್ನಲಿನ ಲೀನಿಯರ್ ಮ್ಯಾಪಲ್ಲಿ (ಫಿಸಿಕಲ್ ಮೆಮೊರಿ ನೇರ ಸಾಲಾಗಿ ಕಾಣುವ ಜಾಗ) ಇರ್ತದೆ, ಹಾಗಾಗಿ ಅಡ್ರೆಸ್ಸಿನಿಂದ ಲೆಕ್ಕ ಹಾಕಿ ಯಾವ ಪೇಜ್ ಅಂತ ಕಂಡುಹಿಡೀಬಹುದು, ಪೇಜಿನ ಡಿಸ್ಕ್ರಿಪ್ಟರಲ್ಲಿ ಇದು ಸ್ಲ್ಯಾಬ್ ಪೇಜ್ ಹೌದೋ ಅಲ್ಲವೋ ಅಂತ ಇರ್ತದೆ, ಹೌದಾದ್ರೆ ಯಾವ ಕ್ಯಾಶ್ (ಒಂದೇ ಸೈಜಿನ ಡಬ್ಬಿಗಳ ಗುಂಪು) ಅಂತ ಸಿಗ್ತದೆ, ಕ್ಯಾಶಿಗೆ ಆಬ್ಜೆಕ್ಟ್ ಸೈಜ್ ಗೊತ್ತು. ನೀವು 100 ಬೈಟ್ ಕೇಳಿದ್ರೆ ಸಿಗುವುದು 128ರ ಡಬ್ಬಿ. 4 ಕೆಬಿ ಪೇಜ್ ಇರುವ ಸಿಸ್ಟಮಲ್ಲಿ 8 ಕೆಬಿ ದಾಟಿದ್ರೆ ಸ್ಲ್ಯಾಬೇ ಇಲ್ಲ, ನೇರ ಪೇಜ್ ಅಲೊಕೇಟರಿಂದ ಬರ್ತದೆ, ಕೆಫ್ರೀ ಅದನ್ನೂ ಗುರುತು ಹಿಡೀತದೆ.

ಈಗ ವಿಮ್ಯಾಲಕ್ ಅಡ್ರೆಸ್ಸನ್ನ ಕೆಫ್ರೀಗೆ ಕೊಟ್ರೆ? ಅದು ಲೀನಿಯರ್ ಮ್ಯಾಪಲ್ಲೇ ಇಲ್ಲ, ಪೇಜ್ ಲೆಕ್ಕ ಎಲ್ಲೋ ಹೋಗ್ತದೆ, ಕೆಫ್ರೀ ಯಾವುದೋ ಕಸ ಓದಿ ಅದನ್ನೇ ಕ್ಯಾಶ್ ಅಂತ ನಂಬ್ತದೆ. ಅದಕ್ಕೇ ಜೋಡಿ ತಪ್ಪಬಾರದು. ಕೆಮ್ಯಾಲಕ್‌ಗೆ ಕೆಫ್ರೀ, ವಿಮ್ಯಾಲಕ್‌ಗೆ ವಿಫ್ರೀ, ಮೊದಲು ಕೆಮ್ಯಾಲಕ್ ನೋಡಿ ಆಗದಿದ್ರೆ ವಿಮ್ಯಾಲಕ್‌ಗೆ ಹೋಗುವ ಕೆವಿಮ್ಯಾಲಕ್‌ಗೆ ಕೆವಿಫ್ರೀ, ಪೇಜುಗಳಿಗೆ ಫ್ರೀ ಪೇಜಸ್, ಅದೂ ಅದೇ ಆರ್ಡರ್ ಕೊಟ್ಟು. ಕೆವಿಮ್ಯಾಲಕ್ ಮಾಡಿ ಕೆಫ್ರೀ ಹಾಕಿದ್ರೆ ಟೆಸ್ಟಲ್ಲಿ ಸಿಕ್ಕುವುದೇ ಇಲ್ಲ, ಯಾಕಂದ್ರೆ ಸಣ್ಣ ಸೈಜಿಗೆ ಯಾವಾಗಲೂ ಕೆಮ್ಯಾಲಕ್ಕೇ ಸಿಗ್ತದೆ. ಕಸ್ಟಮರ್ ಹತ್ರ ಮೆಮೊರಿ ಚೂರುಚೂರಾದ ದಿನ ಬೀಳ್ತದೆ.

ಹೊಸಬ_ಹಾಸನ:
ಥ್ಯಾಂಕ್ಸ್ ಅಣ್ಣ. ಕೆಜಲಾಕ್‌ಗೆ ಕೆಜೆಡ್‌ಫ್ರೀ ಜೋಡಿ ಅಂತ ಒಂದು ಹಳೇ ಕೋಡಲ್ಲಿ ನೋಡ್ದೆ, ಅದು ಈಗ ಕಂಪೈಲ್ ಆಗ್ತಿಲ್ಲ.

ಕಡಲಕರೆ:
ಜೋಡಿ ಅಲ್ಲವೇ ಅಲ್ಲ. ಅದು ಪಾಸ್‌ವರ್ಡು, ಕ್ರಿಪ್ಟೋ ಕೀ ಇಂಥದ್ದನ್ನ ಫ್ರೀ ಮಾಡುವ ಮೊದಲು ಸೊನ್ನೆ ಬರೆದು ಅಳಿಸುವ ಫಂಕ್ಷನ್. ಜನ ಹೀಗೇ ಜೋಡಿ ಅಂದ್ಕೊಂಡು ಎಲ್ಲಾ ಕಡೆ ಹಾಕ್ತಿದ್ರು, ಅದಕ್ಕೆ 2020ರಲ್ಲಿ 5.9ರಲ್ಲಿ ಕೆಫ್ರೀ ಸೆನ್ಸಿಟಿವ್ ಅಂತ ಹೆಸರು ಬದಲಾಯ್ಸಿದ್ರು. ನೀವೇ ಮೆಮ್‌ಸೆಟ್ ಮಾಡಿ ಕೆಫ್ರೀ ಮಾಡಿದ್ರೆ ಕಂಪೈಲರ್ ಆ ಮೆಮ್‌ಸೆಟ್ ಯಾರೂ ಓದುವುದಿಲ್ಲ ಅಂತ ತೆಗೆದು ಬಿಸಾಡಬಹುದು, ಕೀ ಹಾಗೇ ಉಳೀತದೆ.

ಪ್ರೋಬ್_ಪುಟ್ಟ:
ಅಪ್‌ಡೇಟ್. ಕೆರೆಫ್ ಹಾಕಿ ಸ್ಟ್ರಕ್ಚರ್ ಸರಿ ಮಾಡ್ದೆ, ಕಸಾನ್ (ಕರ್ನಲಲ್ಲಿ ಮೆಮೊರಿ ತಪ್ಪು ಹಿಡಿಯೋ ಟೂಲ್) ಆನ್ ಮಾಡಿ ಬಿಲ್ಡ್ ಮಾಡ್ದೆ. ಮೊದಲ್ನೇ ಊಪ್ಸ್ ಹೋಯ್ತು. ಈಗ ಹೊಸದು, ಕೇಬಲ್ ಕಿತ್ತಾಗ ಡಬಲ್ ಫ್ರೀ ಅಂತ ರಿಪೋರ್ಟು. ಡೇಟಾ ಬಫರ್. ಕೆಫ್ರೀ ಒಂದೇ ಕಡೆ ಇದೆ, ನೂರು ಸಲ ಗ್ರೆಪ್ ಮಾಡಿ ಹುಡುಕಿ ನೋಡ್ದೆ!

ಹಳೇ_ಬೋರ್ಡ್:
ಕಸಾನ್ ರಿಪೋರ್ಟಲ್ಲಿ ಮೂರು ಸ್ಟಾಕ್ ಇರತ್ತೆ: ಈಗ ಎಲ್ಲಿ ತಪ್ಪಾಯ್ತು, ಯಾರು ಅಲೊಕೇಟ್ ಮಾಡಿದ್ರು, ಮೊದಲ್ನೇ ಸಲ ಯಾರು ಫ್ರೀ ಮಾಡಿದ್ರು. ಮೊದಲ್ನೇ ಫ್ರೀ ಸ್ಟಾಕಲ್ಲಿ ಯುಆರ್‌ಬಿ ಡಿಸ್ಟ್ರಾಯ್ ಅಂತ ಇದ್ಯಾ?

ಪ್ರೋಬ್_ಪುಟ್ಟ:
ಇದೆ! ಹೇಗೆ ಗೊತ್ತಾಯ್ತು?

ಹಳೇ_ಬೋರ್ಡ್:
ಯುಆರ್‌ಬಿ ಫ್ಲಾಗ್ಸಲ್ಲಿ ಫ್ರೀ ಬಫರ್ ಅಂತ ಒಂದು ಬಿಟ್ಟಿದೆ. ಅದು ಹಾಕಿದ್ರೆ ಯುಆರ್‌ಬಿಯ ಕೊನೇ ರೆಫರೆನ್ಸ್ ಹೋದಾಗ ಟ್ರಾನ್ಸ್‌ಫರ್ ಬಫರನ್ನೂ ಕೋರೇ ಕೆಫ್ರೀ ಮಾಡತ್ತೆ, ನಿಮ್ಮ ಫೈಲಲ್ಲಿ ಗ್ರೆಪ್ ಮಾಡಿದ್ರೆ ಎಲ್ಲಿಂದ ಸಿಗತ್ತೆ. ಆ ಫ್ಲಾಗ್ ಇಲ್ದಿದ್ರೆ ಯುಆರ್‌ಬಿ ಫ್ರೀ ಬಫರನ್ನ ಮುಟ್ಟೋದೇ ಇಲ್ಲ, ಆಗ ನೀವೇ ಮಾಡ್ಬೇಕು. ಎರಡ್ರಲ್ಲಿ ಒಂದು ಇಟ್ಕೊಳ್ಳಿ. ಬಫರ್ ಡಿಎಮ್‌ಎ ಕೊಹೆರೆಂಟ್ ಅಲೊಕೇಶನ್ (ಹಾರ್ಡ್‌ವೇರೂ ನೇರ ಮುಟ್ಟೋ ಮೆಮೊರಿ) ಆಗಿದ್ರೆ ಆ ಫ್ಲಾಗ್ ಹಾಕ್ಲೇಬಾರ್ದು, ಯಾಕಂದ್ರೆ ಅದು ಕೆಫ್ರೀ ಮಾಡತ್ತೆ, ಕೊಹೆರೆಂಟ್‌ಗೆ ಬೇರೆ ಫ್ರೀ ಇದೆ.

ಹೊರಗಿನ ಫಂಕ್ಷನ್‌ಗೆ ಪಾಯಿಂಟರ್ ಕೊಟ್ಟ ಮೇಲೆ ಅದು ಯಾರದ್ದು ಅನ್ನೋದು ಪ್ರತಿ ಸಬ್‌ಸಿಸ್ಟಮಲ್ಲೂ ಬೇರೆ, ಊಹೆ ಮಾಡೋಕೆ ಹೋಗ್ಬೇಡಿ. ಇನ್‌ಪುಟ್ ಡಿವೈಸ್ ನೋಡಿ: ರಿಜಿಸ್ಟರ್ ಆಗೋ ಮೊದ್ಲು ಅಥವಾ ರಿಜಿಸ್ಟರ್ ಫೇಲ್ ಆದ್ರೆ ಇನ್‌ಪುಟ್ ಫ್ರೀ ಡಿವೈಸ್ ಕರೀಬೇಕು, ಒಂದ್ಸಲ ರಿಜಿಸ್ಟರ್ ಆಯ್ತು ಅಂದ್ರೆ ಅನ್‌ರಿಜಿಸ್ಟರ್ ಮಾತ್ರ, ಅದಾದ್ಮೇಲೆ ಫ್ರೀ ಕರೆದ್ರೆ ಡಬಲ್. ನೆಟ್‌ವರ್ಕ್ ಡ್ರೈವರಲ್ಲಿ ಉಲ್ಟಾ, ಮಾಮೂಲಿಯಾಗಿ ಅನ್‌ರಿಜಿಸ್ಟರ್ ನೆಟ್‌ಡೆವ್ ಆದ್ಮೇಲೆ ನೀವೇ ಫ್ರೀ ನೆಟ್‌ಡೆವ್ ಕರೀಬೇಕು, ಮತ್ತೆ ಪ್ರೈವೇಟ್ ಡೇಟಾ ಅದ್ರ ಜೊತೆಗೇ ಹೋಗತ್ತೆ, ಆಮೇಲೆ ಪ್ರೈವ್ ಒಳಗಿನ ಕ್ಲಾಕ್ ಆಫ್ ಮಾಡ್ತೀನಿ ಅಂತ ಹೋದ್ರೆ ಬಿದ್ರಿ. ಡಿವೈಸ್ ರಿಜಿಸ್ಟರ್ ಇನ್ನೊಂದು ಥರ, ಅದು ಎರರ್ ರಿಟರ್ನ್ ಮಾಡಿದ್ರೂ ಕೆಫ್ರೀ ಮಾಡೋ ಹಾಗಿಲ್ಲ, ಪುಟ್ ಡಿವೈಸೇ ಮಾಡ್ಬೇಕು, ಒಳಗೆ ರೆಫರೆನ್ಸ್ ಕೌಂಟ್ ಶುರುವಾಗಿಬಿಟ್ಟಿರತ್ತೆ. ಫೇಲ್ ಆಯ್ತಲ್ಲ ಅಂತ ಕೆಫ್ರೀ ಹಾಕಿರೋ ಕೋಡು ಈಗ್ಲೂ ರಿವ್ಯೂಗೆ ಬರತ್ತೆ.

ಪೇಢಾ_64:
ಎರಡು ಸಲ ಫ್ರೀ ಆದ್ರ ಅಂಥಾದ್ದೇನು ಆಗ್ತದರೀ? ಖಾಲಿ ಇದ್ದದ್ದನ್ನ ಮತ್ತ ಖಾಲಿ ಅಂದಂಗ ಅಷ್ಟ ಅಲ್ಲೇನು.

ಕಡಲಕರೆ:
ಫ್ರೀ ಆದ ಆಬ್ಜೆಕ್ಟುಗಳ ಲಿಸ್ಟನ್ನ ಸ್ಲಬ್ ಆ ಆಬ್ಜೆಕ್ಟುಗಳ ಒಳಗೇ ಬರ್ದಿಡ್ತದೆ, ಒಂದರೊಳಗೆ ಮುಂದಿನದ್ದರ ಅಡ್ರೆಸ್. ಒಂದೇ ಆಬ್ಜೆಕ್ಟ್ ಎರಡು ಸಲ ಸೇರಿದ್ರೆ ಲಿಸ್ಟ್ ಸುತ್ತು ಬೀಳ್ತದೆ. ಆಮೇಲೆ ಇಬ್ಬರು ಬೇರೆ ಬೇರೆ ಕಡೆಯಿಂದ ಕೆಮ್ಯಾಲಕ್ ಕೇಳಿದ್ರೆ ಇಬ್ಬರಿಗೂ ಅದೇ ಅಡ್ರೆಸ್ ಸಿಗ್ತದೆ. ಒಬ್ಬ ಪ್ಯಾಕೆಟ್ ಡೇಟಾ ಬರೀತಾನೆ, ಇನ್ನೊಬ್ಬ ಅದೇ ಜಾಗದಲ್ಲಿ ಫಂಕ್ಷನ್ ಪಾಯಿಂಟರ್ ಇಟ್ಟಿದ್ದಾನೆ. ಅಟ್ಯಾಕ್ ಮಾಡುವವನಿಗೆ ಇದಕ್ಕಿಂತ ಇನ್ನೇನು ಬೇಕು. 2017ರಲ್ಲಿ 4.14ರಿಂದ ಫ್ರೀಲಿಸ್ಟ್ ಹಾರ್ಡನಿಂಗ್ ಅಂತ ಕಾನ್ಫಿಗ್ ಬಂತು, ಪಾಯಿಂಟರನ್ನ ಎಕ್ಸಾರ್ ಮಾಡಿ ಮರೆಮಾಚಿ ಇಡ್ತದೆ, ಬೆನ್ನುಬೆನ್ನಿಗೆ ಅದೇ ಆಬ್ಜೆಕ್ಟ್ ಫ್ರೀ ಆದ್ರೆ ಹಿಡೀತದೆ. ನಡುವೆ ಇನ್ನೊಂದು ಫ್ರೀ ಆದ್ರೆ ಆ ಚೆಕ್ ತಪ್ಪಿಹೋಗ್ತದೆ.

ನಿಜವಾಗಿ ನಡೆದದ್ದು ಬೇಕಾದ್ರೆ ಸಿವಿಇ 2024-1086 (ಬಯಲಾದ ಸೆಕ್ಯುರಿಟಿ ಬಗ್ಗಿಗೆ ಕೊಡುವ ನಂಬರ್) ನೋಡಿ. ಕರ್ನಲಿನ ಫೈರ್‌ವಾಲ್ ಆದ ನೆಟ್‌ಫಿಲ್ಟರ್ ಟೇಬಲ್ಸಲ್ಲಿ ಪ್ಯಾಕೆಟ್ ಡ್ರಾಪ್ ಮಾಡು ಅನ್ನುವ ತೀರ್ಪಿನ ಜೊತೆ ಒಂದು ಎರರ್ ನಂಬರ್ ಇಡಬಹುದಿತ್ತು, ಅದು ಪಾಸಿಟಿವ್ ಇರಬಾರದು ಅಂತ ಯಾರೂ ಚೆಕ್ ಮಾಡ್ಲಿಲ್ಲ. ಡ್ರಾಪ್ ಅಂತ ಪ್ಯಾಕೆಟ್ ಫ್ರೀ ಆಗ್ತದೆ, ರಿಟರ್ನ್ ವ್ಯಾಲ್ಯೂ ಮಾತ್ರ ಆಕ್ಸೆಪ್ಟ್ ಅನ್ನುವ ಹಾಗೆ ಕಾಣ್ತದೆ, ಕರೆದವರು ಪ್ಯಾಕೆಟ್ ಇನ್ನೂ ಬದುಕಿದೆ ಅಂದ್ಕೊಂಡು ಮುಂದೆ ಹೋಗಿ ಮತ್ತೆ ಫ್ರೀ ಮಾಡ್ತಾರೆ. 2014ರ ಕೋಡು, ಸರಿಯಾದದ್ದು 2024 ಜನವರಿಯಲ್ಲಿ. ಸಾಮಾನ್ಯ ಯೂಸರ್ ರೂಟ್ (ಪೂರ್ತಿ ಅಧಿಕಾರ ಇರುವವ) ಆಗಬಹುದಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಸೈಬರ್ ಸೆಕ್ಯುರಿಟಿ ಸಂಸ್ಥೆ ಸೀಸಾ ತನ್ನ ಪಟ್ಟಿಗೆ ಸೇರಿಸಿತು, ಅಂದ್ರೆ ನಿಜವಾಗಿ ಬಳಸಿ ದಾಳಿ ಮಾಡ್ತಿದ್ರು ಅಂತ.

ನೀಲಿಪರದೆ:
ವಿಂಡೋಸ್ ಡ್ರೈವರ್ ಕಡೆಯಿಂದ ಒಂದು ಮಾತು, ನಗ್ಬೇಡಿ. ಅಲ್ಲಿ ಪೂಲ್ (ಕರ್ನಲ್ ಮೆಮೊರಿ) ಅಲೊಕೇಶನ್‌ಗೆ ನಾಲ್ಕು ಅಕ್ಷರದ ಟ್ಯಾಗ್ ಕೊಡ್ಬೇಕು, ಯಾವ ಡ್ರೈವರ್ ಎಷ್ಟು ತಿಂತಿದೆ ಅಂತ ಟ್ಯಾಗ್ ಪ್ರಕಾರ ನೋಡ್ಬಹುದು. ಅದೇ ಪೂಲ್ ಎರಡ್ಸಲ ಫ್ರೀ ಮಾಡಿದ್ರೆ ಸಾಮಾನ್ಯವಾಗಿ ಸಿ2 ಬಗ್‌ಚೆಕ್ (ನೀಲಿ ಪರದೆ), ಬ್ಯಾಡ್ ಪೂಲ್ ಕಾಲರ್. ಡ್ರೈವರ್ ವೆರಿಫೈಯರ್ ಆನ್ ಮಾಡಿ ಡ್ರೈವರ್ ಅನ್‌ಲೋಡ್ ಮಾಡಿದ್ರೆ ಫ್ರೀ ಮಾಡದೇ ಬಿಟ್ಟಿದ್ದಿದ್ರೆ ಸಿ4 ಕೊಟ್ಟು ಅಲ್ಲೇ ನಿಲ್ಸತ್ತೆ. ಲಿನಕ್ಸಲ್ಲಿ ಮಾಡ್ಯೂಲ್ ತೆಗೆದ್ರೆ ಲೀಕ್ ಆಗಿದ್ದು ಯಾರೂ ಹೇಳದೇ ಹಾಗೇ ಇರತ್ತಲ್ಲ, ಇದು ನಂಗೆ ಆಶ್ಚರ್ಯ.

ಹಳೇ_ಬೋರ್ಡ್:
ಸ್ವಂತ ಕ್ಯಾಶ್ ಮಾಡ್ಕೊಂಡಿದ್ರೆ ಡಿಸ್ಟ್ರಾಯ್ ಮಾಡೋವಾಗ ಆಬ್ಜೆಕ್ಟ್ ಉಳಿದಿದ್ರೆ ಕೂಗತ್ತೆ. ಕೆಮ್ಯಾಲಕ್‌ಗೆ ನೀವಂದಿದ್ದು ನಿಜ, ಲೀಕ್ ಹುಡುಕೋ ಕೆಮೆಮ್‌ಲೀಕ್ ಆನ್ ಮಾಡ್ಕೋಬೇಕು. ಅದು 2009ರಿಂದ ಇದೆ, ಬಳಸೋರು ಕಮ್ಮಿ.

ಹೊಸಬ_ಹಾಸನ:
ರಸ್ಟ್ ಭಾಷೇಲಿ ಬರೆದ್ರೆ ಇದ್ಯಾವ್ದೂ ಇರಲ್ಲ ಅಲ್ವಾ?

ನೀಲಿಪರದೆ:
ಬಂತು ನೋಡಿ. ನಾನು ಕಾಯ್ತಾ ಇದ್ದೆ ಯಾರು ಮೊದ್ಲು ಹೇಳ್ತಾರೆ ಅಂತ.

ಕಡಲಕರೆ:
ಡಬಲ್ ಫ್ರೀ, ಫ್ರೀ ಆದ್ಮೇಲೆ ಬಳಸುವುದು ಸೇಫ್ ಕೋಡಲ್ಲಿ ಕಂಪೈಲರೇ ಹಿಡೀತದೆ, ಅದು ಹೌದು. ಲೀಕ್ ಹಿಡಿಯುವುದಿಲ್ಲ. ಇವರ 6.6ರ ಯುಎಸ್‌ಬಿ ಡ್ರೈವರಿಗೆ ಈಗ ಅದು ಉತ್ತರ ಅಲ್ಲ ಅಷ್ಟೆ.

ಸಿಯಲ್ಲೇ ಇದ್ದುಕೊಂಡು ಸ್ವಲ್ಪ ಆರಾಮ ಬೇಕಾದ್ರೆ 2023ರಲ್ಲಿ 6.5ಕ್ಕೆ ಬಂದ ಕ್ಲೀನಪ್ ಹೆಡರ್ ಇದೆ. ವೇರಿಯೇಬಲ್ ಡಿಕ್ಲೇರ್ ಮಾಡುವಾಗ ಫ್ರೀ ಕೆಫ್ರೀ ಅಂತ ಅಟ್ರಿಬ್ಯೂಟ್ ಹಾಕಿದ್ರೆ ಸ್ಕೋಪ್ ಮುಗಿದಾಗ ತಾನಾಗಿ ಕೆಫ್ರೀ ಆಗ್ತದೆ, ಯಶಸ್ವಿಯಾದ್ರೆ ನೋ ಫ್ರೀ ಪಾಯಿಂಟರ್ ಅಂತ ಹೇಳಿ ಹೊರಗೆ ಕೊಡುವುದು.

ಹಳೇ_ಬೋರ್ಡ್:
ನಂಗೆ ಅದು ಇಷ್ಟ ಇಲ್ಲ. ಗೊಟು ಲೇಬಲ್ (ಎರರ್ ಆದ್ರೆ ನೆಗೆದು ಹೋಗೋ ಜಾಗ) ಇದ್ರೆ ಏನು ಫ್ರೀ ಆಗ್ತಿದೆ ಅಂತ ಕಣ್ಣಿಗೆ ಕಾಣತ್ತೆ. ಇದ್ರಲ್ಲಿ ಡಿಕ್ಲೇರ್ ಮಾಡಿದ ಆರ್ಡರ್ ತಲೆಕೆಳಗಾಗಿ ಫ್ರೀ ಆಗತ್ತೆ, ಹಳೇ ಅಭ್ಯಾಸದಲ್ಲಿ ಎಲ್ಲಾ ವೇರಿಯೇಬಲ್ ಫಂಕ್ಷನ್ ತಲೇಲಿ ನಲ್ ಅಂತ ಡಿಕ್ಲೇರ್ ಮಾಡಿದ್ರೆ ಆರ್ಡರ್ ತಪ್ಪತ್ತೆ, ಲಾಕ್ ಗಾರ್ಡ್ ಜೊತೆಗಿದ್ರಂತೂ ಲಾಕ್ ಬಿಟ್ಟ ಮೇಲೆ ಫ್ರೀ ಆಗತ್ತೆ. ಗೊಟು ಮತ್ತೆ ಇದು ಒಂದೇ ಫಂಕ್ಷನಲ್ಲಿ ಬೆರೆಸ್ಬೇಡಿ ಅಂತ ಅದ್ರ ಡಾಕ್ಯುಮೆಂಟಲ್ಲೇ ಇದೆ. ನೆಟ್‌ವರ್ಕಿಂಗ್ ಮೇಂಟೇನರ್‌ಗಳು ಡ್ರೈವರಲ್ಲಿ ನೇರವಾಗಿ ಬಳಸೋದು ಬೇಡ ಅಂತ ಬರ್ದಿಟ್ಟಿದಾರೆ.

ಕಡಲಕರೆ:
ಗೊಟು ಏನು ಕಮ್ಮಿ ಜನರನ್ನ ಬೀಳಿಸಿದೆಯಾ? ಎಲ್ಲಾ ಎರರ್‌ಗೂ ಒಂದೇ ಲೇಬಲ್, ಅಲ್ಲಿ ಫೂ ಅನ್ನುವ ಸ್ಟ್ರಕ್ಚರ್ ಒಳಗಿನ ಬಾರ್ ಫ್ರೀ, ಆಮೇಲೆ ಫೂ ಫ್ರೀ. ಫೂ ಅಲೊಕೇಶನ್ನೇ ಫೇಲ್ ಆಗಿದ್ರೆ ನಲ್ ಒಳಗೆ ಇಣುಕಿ ಕ್ರ್ಯಾಶ್. ಕೋಡಿಂಗ್ ಸ್ಟೈಲ್ ಡಾಕ್ಯುಮೆಂಟಲ್ಲಿ ಈ ಬಗ್ಗಿಗೆ ಹೆಸರೇ ಇಟ್ಟಿದ್ದಾರೆ, ಅಷ್ಟು ಸಾಮಾನ್ಯ. ಮಧ್ಯೆ ಒಂದು ಅಲೊಕೇಶನ್ ಸೇರಿಸಿದ ಪ್ಯಾಚ್ ಲೇಬಲ್ ಸೇರಿಸಲು ಮರೆತದ್ದು ಎಷ್ಟು ನೋಡಿದ್ದೀರಿ ನೀವೇ ಹೇಳಿ.

ಹಳೇ_ಬೋರ್ಡ್:
ನೋಡಿದೀನಿ, ನೋಡಿದೀನಿ. ಲೇಬಲ್‌ಗೆ ಎರರ್1 ಎರರ್2 ಅನ್ನೋ ಬದ್ಲು ಅದು ಏನು ಫ್ರೀ ಮಾಡತ್ತೋ ಆ ಹೆಸರಿಟ್ರೆ ಅರ್ಧ ಕಮ್ಮಿ ಆಗತ್ತೆ. ಆದ್ರೂ ನಾನು ಗೊಟು ಪಾರ್ಟಿ. ಇದು ಇಲ್ಲಿ ತೀರ್ಮಾನ ಆಗೋದಲ್ಲ ಬಿಡಿ.

ಪ್ರೋಬ್_ಪುಟ್ಟ:
ಫ್ಲಾಗ್ ತೆಗೆದೆ, ಡಬಲ್ ಫ್ರೀ ಹೋಯ್ತು. ವರ್ಕ್ ಬಗ್ಗೆ ಯಾರೂ ಹೇಳಿಲ್ಲ, ಅದನ್ನ ಎಲ್ಲಿ ಕ್ಯಾನ್ಸಲ್ ಮಾಡ್ಲಿ? ಯುಆರ್‌ಬಿ ಕಂಪ್ಲೀಶನಲ್ಲಿ ವರ್ಕ್ ಶೆಡ್ಯೂಲ್ ಆಗತ್ತೆ, ವರ್ಕ್ ಮತ್ತೆ ಯುಆರ್‌ಬಿ ಸಬ್ಮಿಟ್ ಮಾಡತ್ತೆ. ಬೋರ್ಡಲ್ಲಿ ಒಂದು ಜಿಪಿಐಒ (ಪಿನ್) ಇಂಟರಪ್ಟೂ (ಐಆರ್‌ಕ್ಯೂ) ಇದೆ, ಡೆವ್‌ಎಮ್ ರಿಕ್ವೆಸ್ಟ್ ಐಆರ್‌ಕ್ಯೂ, ಶೇರ್ಡ್ (ಬೇರೆ ಡಿವೈಸ್ ಜೊತೆ ಒಂದೇ ಲೈನ್).

ಹಳೇ_ಬೋರ್ಡ್:
ಕೆಲಸ ಹುಟ್ಟಿಸೋರನ್ನ ಮೊದ್ಲು ನಿಲ್ಸಿ, ಆಮೇಲೆ ಕೆಲಸ. ನಿಮ್ಮಲ್ಲಿ ಒಬ್ರನ್ನೊಬ್ರು ಎಬ್ಬಿಸ್ತಾರೆ, ಅದಕ್ಕೆ ಯುಎಸ್‌ಬಿ ಕಿಲ್ ಯುಆರ್‌ಬಿ ಒಂದೇ ಸಾಲಲ್ಲ. ಯುಎಸ್‌ಬಿ ಪಾಯ್ಸನ್ ಯುಆರ್‌ಬಿ ಹಾಕಿ, ಓಡ್ತಿರೋದು ನಿಲ್ಲತ್ತೆ, ಆಮೇಲೆ ಬರೋ ಸಬ್ಮಿಟ್ಟೂ ಎರರ್ ಆಗತ್ತೆ. ಅದಾದ್ಮೇಲೆ ಕ್ಯಾನ್ಸಲ್ ವರ್ಕ್ ಸಿಂಕ್, ಇದು ಓಡ್ತಿದ್ರೆ ಮುಗಿಯೋವರ್ಗೂ ಕಾಯತ್ತೆ, ಹಾಗಾಗಿ ವರ್ಕ್ ತಗೊಳ್ಳೋ ಮ್ಯೂಟೆಕ್ಸ್ ಹಿಡ್ಕೊಂಡು ಕರೆದ್ರೆ ಡೆಡ್‌ಲಾಕ್. ಇದೆಲ್ಲಾ ಡಿಸ್ಕನೆಕ್ಟಲ್ಲೇ, ಕೊನೇ ಪುಟ್‌ಗೆ ಮೊದ್ಲು. ಟೈಮರ್ ಇದ್ದಿದ್ರೆ 6.2ರಿಂದ ಟೈಮರ್ ಶಟ್‌ಡೌನ್ ಸಿಂಕ್ ಇದೆ, ಅದಾದ್ಮೇಲೆ ಯಾರೂ ಆ ಟೈಮರನ್ನ ಮತ್ತೆ ಶುರು ಮಾಡೋಕಾಗಲ್ಲ.

ಐಆರ್‌ಕ್ಯೂ ನಿಜವಾದ ಗುಂಡಿ. ಡೆವ್‌ಎಮ್ ಐಆರ್‌ಕ್ಯೂ ಬಿಡೋದು ಡಿಸ್ಕನೆಕ್ಟ್ ಮುಗಿದ ಮೇಲೆ, ನೀವು ಕೆರೆಫ್ ಪುಟ್ ಮಾಡಿ ಸ್ಟ್ರಕ್ಚರ್ ಹೋಗಿರತ್ತೆ, ಆ ಸಂದೀಲಿ ಶೇರ್ಡ್ ಲೈನಲ್ಲಿ ಪಕ್ಕದ ಡಿವೈಸ್ ಇಂಟರಪ್ಟ್ ಕೊಟ್ರೂ ನಿಮ್ಮ ಹ್ಯಾಂಡ್ಲರ್ ಓಡತ್ತೆ. ಡೆವ್‌ಎಮ್ ತೆಗೆದು ಮಾಮೂಲಿ ರಿಕ್ವೆಸ್ಟ್, ಡಿಸ್ಕನೆಕ್ಟಲ್ಲಿ ಫ್ರೀ ಐಆರ್‌ಕ್ಯೂ ಎಲ್ಲಕ್ಕಿಂತ ಮೊದ್ಲು. ಡೀಬಗ್ ಶೇರ್ಡ್ ಐಆರ್‌ಕ್ಯೂ ಅನ್ನೋ ಕಾನ್ಫಿಗ್ ಹಾಕಿ ಟೆಸ್ಟ್ ಮಾಡಿ, ಫ್ರೀ ಐಆರ್‌ಕ್ಯೂ ಟೈಮಲ್ಲಿ ಅದು ಬೇಕಂತ್ಲೇ ಹ್ಯಾಂಡ್ಲರನ್ನ ಒಂದ್ಸಲ ಕರೀತದೆ, ಇಂಥಾ ಬಗ್ ಅಲ್ಲೇ ಸಿಗತ್ತೆ. ಕೇಬಲ್ ಕಿತ್ತು ಕಿತ್ತು ಕನೆಕ್ಟರ್ ಹಾಳ್ಮಾಡ್ಬೇಡಿ, ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತೋರ್ಸೋ ಡಿವೈಸ್, ಡ್ರೈವರ್ ಫೈಲುಗಳ ಫೋಲ್ಡರ್) ಆ ಡ್ರೈವರಿನ ಅನ್‌ಬೈಂಡ್ ಫೈಲ್‌ಗೆ ಇಂಟರ್‌ಫೇಸ್ ಹೆಸರು ಎಕೋ ಮಾಡಿದ್ರೆ ಡಿಸ್ಕನೆಕ್ಟ್ ಫಂಕ್ಷನ್ನೇ ಓಡತ್ತೆ, ಲೂಪಲ್ಲಿ ಹಾಕಿ ರಾತ್ರಿಯೆಲ್ಲಾ ಬಿಡಿ.

ಪೇಢಾ_64:
ನಮ್ಮ ಕೋಡಿನಾಗ ಒಂದು ಲಿಸ್ಟ್ ಅದ, ಆರ್‌ಸಿಯು (ಲಾಕ್ ಇಲ್ಲದ ಓದೋ ಪದ್ಧತಿ) ಹಚ್ಚಿ ಓದ್ತಾರ. ಲಿಸ್ಟ್ ಡೆಲ್ ಆರ್‌ಸಿಯು ಮಾಡಿ ಮುಂದಿನ ಸಾಲಿನಾಗ ಕೆಫ್ರೀ. ಇಷ್ಟ್ ದಿನ ಏನೂ ಆಗಿಲ್ಲ, ಈ ಥ್ರೆಡ್ ಓದಿ ಈಗ ಹೆದರಿಕಿ ಬಂತು.

ಕಡಲಕರೆ:
ಹೆದರ್ಲೇಬೇಕು. ಲಿಸ್ಟಿಂದ ತೆಗೆದ್ರೆ ಹೊಸ ರೀಡರಿಗೆ ಕಾಣುವುದಿಲ್ಲ ಅಷ್ಟೆ, ಈಗಾಗಲೇ ಆ ನೋಡ್ ಮೇಲೆ ನಿಂತ ರೀಡರ್ ಅಲ್ಲೇ ಇದ್ದಾನೆ. ಸ್ಟ್ರಕ್ಚರ್ ಒಳಗೆ ಒಂದು ಆರ್‌ಸಿಯು ಹೆಡ್ ಸೇರಿಸಿ ಕೆಫ್ರೀ ಆರ್‌ಸಿಯು ಮಾಡಿ, ಹಳೇ ರೀಡರುಗಳೆಲ್ಲ ಹೊರಗೆ ಬಂದ ಮೇಲೆ ಫ್ರೀ ಆಗ್ತದೆ. ನೀವೇ ಕಾಲ್ ಆರ್‌ಸಿಯು ಬಳಸಿ ಸ್ವಂತ ಕಾಲ್‌ಬ್ಯಾಕ್ ಬರ್ದಿದ್ರೆ ಮಾಡ್ಯೂಲ್ ಎಕ್ಸಿಟಲ್ಲಿ ಆರ್‌ಸಿಯು ಬ್ಯಾರಿಯರ್ ಮರೀಬೇಡಿ, ಇಲ್ಲದಿದ್ರೆ ಕಾಲ್‌ಬ್ಯಾಕ್ ಓಡುವ ಹೊತ್ತಿಗೆ ಆ ಫಂಕ್ಷನ್ನೇ ಮೆಮೊರಿಯಲ್ಲಿ ಇರುವುದಿಲ್ಲ.

ಪ್ರೋಬ್_ಪುಟ್ಟ:
ರಾತ್ರಿ ಲೂಪ್ ಹಾಕಿದ್ದೆ, ಕಸಾನ್ ಕ್ಲೀನ್!! ಆದ್ರೆ ಕೆಮೆಮ್‌ಲೀಕ್ ಸ್ಕ್ಯಾನ್ ಮಾಡಿದ್ರೆ ಬೋರ್ಡ್ ಪ್ಲಗ್ ತೆಗೆದು ಹಾಕಿದಾಗೆಲ್ಲಾ ಒಂದೊಂದು ದೊಡ್ಡ ಆಬ್ಜೆಕ್ಟ್ ಲೀಕ್ ಅಂತ. ಸ್ಟಾಕಲ್ಲಿ ಯುಎಸ್‌ಬಿ ಅಲಾಕ್ ಡೆವ್, ಹಬ್ ಇವೆಂಟ್. ನಮ್ಮ ಡ್ರೈವರ್ ಹೆಸರೇ ಇಲ್ಲ. ಇದು ಯುಎಸ್‌ಬಿ ಕೋರ್ ಬಗ್ಗಾ? ಬರೀ ಲೀಕ್ ತಾನೇ, ಬಿಟ್ಬಿಡ್ಲಾ ಅಂತ ಮ್ಯಾನೇಜರ್ ಕೇಳ್ತಿದಾರೆ.

ಹಳೇ_ಬೋರ್ಡ್:
ಕೋರ್ ಬಗ್ಗಲ್ಲ. ಕೆಮೆಮ್‌ಲೀಕ್ ತೋರ್ಸೋದು ಯಾರು ಅಲೊಕೇಟ್ ಮಾಡಿದ್ರು ಅಂತ, ಯಾರು ಬಿಡ್ಲಿಲ್ಲ ಅಂತಲ್ಲ. ಪ್ರೋಬಲ್ಲಿ ಯುಎಸ್‌ಬಿ ಗೆಟ್ ಡೆವ್ ಇರತ್ತೆ, ಅದಕ್ಕೆ ಸಮನಾದ ಪುಟ್ ಡೆವ್ ಹೊಸ ಡಿಲೀಟ್ ಫಂಕ್ಷನಲ್ಲಿ ಬಂದಿಲ್ಲ ಅನ್ಸತ್ತೆ. ಪ್ರೋಬ್ ಎರರ್ ಪಾತಲ್ಲೂ ಕೆಫ್ರೀ ಬದ್ಲು ಕೆರೆಫ್ ಪುಟ್ಟೇ ಕರೀರಿ, ಸ್ಟ್ರಕ್ಚರ್ ಕೆಜಲಾಕ್ ಆಗಿರೋದ್ರಿಂದ ಇನ್ನೂ ಅಲೊಕೇಟ್ ಆಗದ ಫೀಲ್ಡೆಲ್ಲಾ ನಲ್ಲೇ ಇರತ್ತೆ, ಯುಆರ್‌ಬಿ ಫ್ರೀ, ಪುಟ್ ಡೆವ್, ಕೆಫ್ರೀ ಮೂರೂ ನಲ್ ಒಪ್ಕೊಳ್ತವೆ.

ಕಡಲಕರೆ:
ಮ್ಯಾನೇಜರಿಗೆ ಸಿವಿಇ 2016-0728 ತೋರಿಸಿ. ಅದು ಶುರುವಾದದ್ದು ಬರೀ ರೆಫರೆನ್ಸ್ ಲೀಕಿಂದಲೇ. ಕರ್ನಲ್ ಕೀಗಳನ್ನ ಇಡುವ ಕೀರಿಂಗ್ ಕೋಡಲ್ಲಿ ಒಂದು ದಾರಿಯಲ್ಲಿ ಪುಟ್ ಇರ್ಲಿಲ್ಲ, ಕೌಂಟರ್ 32 ಬಿಟ್ಟು, ಪುನಃ ಪುನಃ ಕರೆದು ಕರೆದು ಅದು ಸುತ್ತಿ ಸೊನ್ನೆಗೆ ಬಂತು, ಸೊನ್ನೆ ಆದ್ರೆ ಫ್ರೀ, ಆದ್ರೆ ಬಳಸುವವರು ಇದ್ದಾರೆ. 3.8ರಿಂದ ಇತ್ತು. ಆಮೇಲೆ 2017ರಲ್ಲಿ 4.11ಕ್ಕೆ ರೆಫ್‌ಕೌಂಟ್ ಟಿ ಬಂತು, ಅದು ತುಂಬಿದ್ರೆ ಸುತ್ತುವ ಬದಲು ಅಲ್ಲೇ ಸಿಕ್ಕಿಹಾಕಿಕೊಳ್ತದೆ. ನಿಮ್ಮ ಕೆರೆಫ್ ಒಳಗೆ ಈಗ ಅದೇ ಇರುವುದು, ಹಾಗಾಗಿ ರೂಟ್ ಆಗುವುದಿಲ್ಲ, ಆದ್ರೆ ಫ್ಯಾಕ್ಟರಿಯಲ್ಲಿ ದಿನಾ ಪ್ಲಗ್ ತೆಗೆದು ಹಾಕುವ ಬಾಕ್ಸಲ್ಲಿ ಮೆಮೊರಿ ಮುಗೀತದೆ.

ಪ್ರೋಬ್_ಪುಟ್ಟ:
ಪುಟ್ ಡೆವ್ ಇರ್ಲಿಲ್ಲ, ಸರಿಯಾಗಿ ಹೇಳಿದ್ರಿ. ಹಾಕಿದ್ಮೇಲೆ ಲೀಕ್ ಲಿಸ್ಟ್ ಖಾಲಿ. ಪ್ಯಾಚ್ ಎರಡಾಗಿ ಒಡೀತೀನಿ, ಒಂದು ಕೆರೆಫ್, ಇನ್ನೊಂದು ಐಆರ್‌ಕ್ಯೂ ಮತ್ತೆ ವರ್ಕ್ ಆರ್ಡರ್. ಕಸ್ಟಮರ್ ಬಿಲ್ಡಲ್ಲಿ ಕಸಾನ್ ಆನ್ ಬಿಡ್ಬಹುದಾ?

ಹಳೇ_ಬೋರ್ಡ್:
ಬೇಡ, ಜೆನೆರಿಕ್ ಕಸಾನ್ ಶ್ಯಾಡೋಗೇ (ಅದು ಲೆಕ್ಕ ಇಡೋ ಜಾಗ) ಮೆಮೊರಿಯ 1/8 ತಿನ್ನತ್ತೆ, ಸ್ಲೋ ಕೂಡ. ಕೆಫೆನ್ಸ್ ಅನ್ನೋ ಹಗುರವಾದ ಟೂಲ್ ಆನ್ ಮಾಡಿ, 5.12ರಿಂದ ಇದೆ, ಫೀಲ್ಡಲ್ಲಿ ಬಿಡೋಕಂತ್ಲೇ ಮಾಡಿರೋದು. ಡಿಫಾಲ್ಟಲ್ಲಿ 100 ಮಿಲಿಸೆಕೆಂಡ್‌ಗೆ ಒಂದು ಅಲೊಕೇಶನ್ ಮಾತ್ರ ಕಾವಲು ಪೇಜ್ ಪಕ್ಕ ಇಡತ್ತೆ, 255 ಆಬ್ಜೆಕ್ಟ್, 4 ಕೆಬಿ ಪೇಜಾದ್ರೆ ಸುಮಾರು 2 ಎಂಬಿ. ಒಂದು ಬಾಕ್ಸಲ್ಲಿ ಸಿಗದೇ ಇರ್ಬಹುದು, ತುಂಬಾ ಬಾಕ್ಸ್ ಇದ್ರೆ ಯಾವ್ದೋ ಒಂದ್ರಲ್ಲಿ ಸಿಗತ್ತೆ. ಲಾಗ್ ಮಾತ್ರ ಎಲ್ಲಾ ಬಾಕ್ಸಿಂದ ತರಿಸ್ಕೊಳ್ಳೋ ವ್ಯವಸ್ಥೆ ಇರ್ಲಿ.